ರಾಗ್ನಾಳ ಬೆಳಗಿನ ಚಮಚ

ಹೆನ್ನಿಂಗ್ಸ್‌ವೇರ್ ಬಂದರಿನಲ್ಲಿ ಮೂವತ್ತೊಂದು ವರ್ಷ ಕಾಡ್ ಮೀನು ಸೀಳಿದ ರಾಗ್ನಾ ಚಳಿಗೂ ಹೆದರಿದವಳಲ್ಲ, ಚೂರಿಗೂ ಹೆದರಿದವಳಲ್ಲ. ಹೆದರಿಕೆಯೆಲ್ಲ ಕಾಲಿನದು. ಸಕ್ಕರೆ ಕಾಯಿಲೆಯಿಂದ ಅವಳ ತಾಯಿಯ ಎಡಪಾದಕ್ಕೆ ಮೊದಲು ಸ್ಪರ್ಶವೇ ತಿಳಿಯದಾಗಿ, ಕೊನೆಗೆ ಅದನ್ನು ಕತ್ತರಿಸಿದ್ದರು. ಹನ್ನೊಂದು ವರ್ಷದಿಂದ ಅದೇ ಕಾಯಿಲೆ ಇವಳಿಗೂ ಗಂಟುಬಿದ್ದಿತ್ತು.

ಹಾಗಾಗಿ, ಮೀನೆಣ್ಣೆಯಿಂದ ಸಕ್ಕರೆ ಕಾಯಿಲೆಯವರ ರಕ್ತನಾಳ ಸುಧಾರಿಸುತ್ತದೆಯೇ ಎಂದು ಆಸ್ಪತ್ರೆಯವರು ಅಧ್ಯಯನ ಶುರುಮಾಡಿದಾಗ ಮೊದಲ ದಿನವೇ ಹೆಸರು ಕೊಟ್ಟು ಬಂದಳು. ವರ್ಷಪೂರ್ತಿ ದಿನಕ್ಕೆ ಎರಡು ಮಾತ್ರೆ. ಕೆಲವರ ಮಾತ್ರೆಯಲ್ಲಿ ಮೀನೆಣ್ಣೆ, ಕೆಲವರದರಲ್ಲಿ ಬರೀ ಜೋಳದೆಣ್ಣೆ. ಯಾರದು ಯಾವುದೆಂದು ಕೊಡುವ ನರ್ಸ್ ತೂವಾಳಿಗೂ ತಿಳಿಯದು.

"ಮನೇಲಿ ಬೇರೆ ಮೀನೆಣ್ಣೆ ಏನಾದ್ರೂ ತಗೋತೀರಾ?" ಎಂದು ತೂವಾ ಕೇಳಿದ್ದಳು.

"ಅಂಥದ್ದೇನೂ ಇಲ್ಲಮ್ಮ" ಎಂದಿದ್ದಳು ರಾಗ್ನಾ, ಮನಸಾರೆ.

ಆರು ತಿಂಗಳ ಮೇಲೆ ತೋಳಿಗೆ ಪಟ್ಟಿ ಬಿಗಿದು, ಸಡಿಲಿಸಿ, ಯಂತ್ರವಿಟ್ಟು ನೋಡಿದರೆ ರಕ್ತನಾಳ ಮೊದಲಿಗಿಂತ ಚೆನ್ನಾಗಿ ಹಿಗ್ಗುತ್ತಿತ್ತು. ರಾಗ್ನಾ ಹಕ್ಕಿಯ ಹಾಗೆ ಹಗುರಾಗಿ ಮನೆಗೆ ಬಂದಳು.

ಮಾರನೇ ಬೆಳಿಗ್ಗೆ ಗಂಡ ಈಲರ್ಟ್ ಎಂದಿನಂತೆ ಫ್ರಿಜ್ಜಿನಿಂದ ಕಾಡ್ ಮೀನಿನ ಲಿವರ್ ಎಣ್ಣೆಯ ಬಾಟಲಿ ತೆಗೆದು, ಚಮಚ ತುಂಬಿ ಅವಳ ಬಾಯಿಗೆ ಹಿಡಿದ.

"ಅಲ್ಲ ಕಣೇ, ಆರು ತಿಂಗಳು ಆ ಮಾತ್ರೆ ಯಾಕೆ ನುಂಗಿದೆ? ಹುಟ್ಟಿದಾಗಿಂದ ಇದನ್ನೇ ಕುಡೀತಿದೀಯಲ್ಲ."

ರಾಗ್ನಾ ನುಂಗಿದ ಮೇಲೆ ಹಾಗೇ ನಿಂತುಬಿಟ್ಟಳು. ಅವಳು ಸುಳ್ಳು ಹೇಳಿರಲಿಲ್ಲ. ಬೆಳಗಿನ ಚಮಚ ಅವಳಿಗೆ ಹಲ್ಲುಜ್ಜಿದ ಹಾಗೆ; ಅದನ್ನು ಯಾರಾದರೂ ಔಷಧಿಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಆದರೂ ತೂವಾಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆ ಕಡೆ ತೂವಾ ದಾಖಲೆಯ ಹಾಳೆ ತಿರುವಿದಳು. "ಅಧ್ಯಯನಕ್ಕೆ ಬಂದ ನಿಮ್ಮೂರಿನ ಒಂಬತ್ತು ಜನಾನೂ ಮೀನೆಣ್ಣೆ ತಗೊಳ್ಳಲ್ಲ ಅಂತಾನೇ ಬರೆಸಿದಾರೆ" ಎಂದಳು ಕೊನೆಗೆ. "ನಾನೂ ಈಗ ಒಂದು ಚಮಚ ಕುಡಿದೇ ಬಂದೆ, ರಾಗ್ನಾ. ಚಮಚದ ವಿಷಯ ಬಿಡಿಸಿ ಕೇಳ್ಬೇಕು ಅಂತ ನಂಗೂ ಹೊಳೀಲಿಲ್ಲ."

"ಹಂಗಾದ್ರೆ ನನ್ನ ನಾಳ ಸರಿಹೋಗಿದ್ದು ಯಾವುದ್ರಿಂದ?"

"ಗೊತ್ತಿಲ್ಲ."

"ಚಮಚ ಬಿಡ್ಲಾ, ಮಾತ್ರೆ ಬಿಡ್ಲಾ?"

"ಡಾಕ್ಟರನ್ನ ಕೇಳಿ ಹೇಳ್ತೀನಿ. ಪಾದ ಮಾತ್ರ ದಿನಾ ನೋಡ್ಕೊಳ್ಳಿ."

ರಾಗ್ನಾಳ ತಲೆ ಕಲಸಿದ ಹಿಟ್ಟಾಯಿತು. ಚಮಚ ಕುಡಿದರೆ ಅಧ್ಯಯನ ಕೆಡುತ್ತದೆ. ಬಿಟ್ಟರೆ, ಇಷ್ಟು ವರ್ಷ ಕಾಲು ಕಾಯ್ದದ್ದು ಅದೇ ಆಗಿದ್ದರೆ? ಅಥವಾ ಎರಡೂ ಅಲ್ಲದೆ, ಸುಮ್ಮನೆ ಅದೃಷ್ಟವೇ ಆಗಿದ್ದರೆ? ಏನೇ ಆಗಲಿ, ನಾಳವಂತೂ ಚೆನ್ನಾಗಿದೆಯಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಉಣ್ಣೆಯ ಕಾಲುಚೀಲ ಕಳಚಿ ಪಾದವನ್ನು ಈಲರ್ಟನ ತೊಡೆಯ ಮೇಲಿಟ್ಟಳು. ಬಗ್ಗಿದರೆ ಅವಳಿಗೆ ಬೆರಳು ಕಾಣುವುದಿಲ್ಲ. ಕಣ್ಣು ಮುಚ್ಚಿಕೊಂಡಳು.

"ಒಂದೊಂದೇ ಬೆರಳು ಒತ್ತು. ನಾನು ಹೇಳ್ತೀನಿ."

"ಇದು?"

"ಹೆಬ್ಬೆರಳು."

"ಇದು?"

"ಅದರ ಪಕ್ಕದ್ದು."

ಮೂರನೆಯದನ್ನೂ ನಾಲ್ಕನೆಯದನ್ನೂ ಸರಿಯಾಗಿ ಹೇಳಿದಳು. ಆಮೇಲೆ ಈಲರ್ಟನ "ಇದು?" ಕೇಳಿಸಲಿಲ್ಲ.

"ಕಿರುಬೆರಳನ್ನೂ ಒತ್ತೋ ಮಾರಾಯ, ಯಾಕೆ ನಿಲ್ಲಿಸಿದೆ?"

"ಆಗಿಂದ ಒತ್ತುತ್ತಲೇ ಇದೀನಿ ಕಣೇ" ಎಂದ ಈಲರ್ಟ್.