ಪೆಣ್ಣಮ್ಮ ಚೇಚಿ ಹೋಗದ ಒಂದೇ ಊರು

ಯುರೋಪಿನಲ್ಲಿ ಪೆಣ್ಣಮ್ಮ ಚೇಚಿ ನೋಡದ ಜಾಗವಿಲ್ಲ ಎಂದು ಜರ್ಮನಿಯ ಕೊಲೋನಿನ ನಮ್ಮ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ. ಬಳಗ ಅಂದರೆ ಮಲಯಾಳಿ ನರ್ಸುಗಳದ್ದು, ಚೇಚಿ ಅಂದರೆ ಅವರ ಭಾಷೆಯಲ್ಲಿ ಅಕ್ಕ. ಮೀಸೆ ಚಿಗುರದ ತಮ್ಮಂದಿರನ್ನು ಊರಲ್ಲಿ ಬಿಟ್ಟು, ಚರ್ಚಿನವರು ವಿಮಾನ ಹತ್ತಿಸಿದ್ದಕ್ಕೆ ಇಲ್ಲಿ ಬಂದಿಳಿದ ಹುಡುಗಿಯರು ಇವರು. ಈಗ ಎಲ್ಲರಿಗೂ ಮಂಡಿನೋವು. ಅವರ ನಡುವೆ ನಾನೊಬ್ಬಳು ಪುತ್ತೂರಿನವಳು, ತಡವಾಗಿ ಬಂದವಳು, ಅವರ ಮೀನುಸಾರು ಉಂಡೇ ತಲೆ ನರೆಸಿಕೊಂಡವಳು. ಕನ್ನಡ ಮಾತಾಡಬೇಕೆನಿಸಿದರೆ ಕನ್ನಡಿಯ ಮುಂದೆ ನಿಲ್ಲಬೇಕು, ಅಷ್ಟೇ.

ಚೇಚಿ ಕೇರಳದ ಪಾಲಾ ಕಡೆಯವಳು. ಮದುವೆಯಾಗಲಿಲ್ಲ. ರಜೆ ಸಿಕ್ಕಿದರೆ ಬಸ್ಸು ಹತ್ತುತ್ತಿದ್ದಳು. ಕಿಟಕಿ ಪಕ್ಕದ ಸೀಟು, ಕೈಚೀಲದಲ್ಲಿ ಮಾವಿನಮಿಡಿ ಉಪ್ಪಿನಕಾಯಿ, ಕಾಲಿಗೆ ಆಸ್ಪತ್ರೆಯದೇ ಬಿಳಿ ಬೂಟು. ಲೂರ್ದ್, ಫಾತಿಮಾ, ರೋಮ್ ಸರಿ, ಅವು ಹರಕೆಯ ಲೆಕ್ಕಕ್ಕೆ ಹೋಗಲಿ. ವೆನಿಸ್ಸಿಗೆ ಹೋಗಿ ಬಂದು, ನಮ್ಮ ಕಡೆಯ ಕುಟ್ಟನಾಡಿನ ಹಿನ್ನೀರು ಇದಕ್ಕಿಂತ ಕಡಿಮೆ ನಾರುತ್ತದೆ, ಅಲ್ಲಿ ದೋಣಿಗೆ ದುಡ್ಡು ಕೊಡುವ ಹುಚ್ಚರೂ ಇಲ್ಲ ಎಂದಳು. ಪ್ಯಾರಿಸ್ಸಿನ ಗೋಪುರ ನೋಡಿ, ಇದನ್ನು ಹತ್ತಿದರೂ ಒಂದು ಎಳನೀರು ಸಿಗುವುದಿಲ್ಲವಲ್ಲ ಎಂದಳು. ಸ್ವಿಟ್ಜರ್ಲೆಂಡಿನ ದನಗಳನ್ನು ನೋಡಿದಾಗ ಮಾತ್ರ ಸುಮ್ಮನಾಗಿಬಿಟ್ಟಳಂತೆ. ತನ್ನ ಅಮ್ಮನಿಗೆ ಇಂಥ ಒಂದು ದನ ಇದ್ದಿದ್ದರೆ ತಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದು ಆಮೇಲೆ ನನ್ನ ಬಳಿ ಹೇಳಿದಳು.

ಇಷ್ಟೆಲ್ಲ ತಿರುಗಿದವಳು ಮೋಸೆಲ್ ನದಿಯ ಕಡೆಗೆ ಮಾತ್ರ ಹೋಗುತ್ತಿರಲಿಲ್ಲ. ಕೊಲೋನಿನಿಂದ ಎರಡು ಗಂಟೆಯೂ ಬೇಡ. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ನಮ್ಮ ಬಳಗ ಪ್ರತಿವರ್ಷ ಅಲ್ಲಿಗೆ ಬಸ್ಸು ಮಾಡಿಕೊಂಡು ಹೋಗುತ್ತದೆ, ಕಪ್ಪ ಎನ್ನುವ ಮರಗೆಣಸು ಬೇಯಿಸಿಕೊಂಡು, ಮೀನು ಹುರಿದುಕೊಂಡು. ಪ್ರತಿವರ್ಷ ಚೇಚಿಗೆ ಅದೇ ವಾರ ಕಾಲುನೋವು. ಒಮ್ಮೆ ನಾನು ರೇಗಿ, ಪೋರ್ಚುಗಲ್ಲಿಗೆ ಹೋಗುವಾಗ ಇಲ್ಲದ ಕಾಲುನೋವು ಇಲ್ಲಿಗೆ ಯಾಕೆ ಬರುತ್ತದೆ ಎಂದು ಕೇಳಿದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ಈ ಕತೆಯ ಅರ್ಧ ನನಗೆ ಹೇಳಿದವಳು ಏಲಿಯಾಮ್ಮ. ಚೇಚಿಯ ಜೊತೆಗೇ ಬಂದವಳು, ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದವಳು, ಬಾಯಿಗೆ ಬೀಗವಿಲ್ಲದವಳು. ಉಳಿದರ್ಧವನ್ನು ಚೇಚಿಯೇ ಹೇಳಿದಳು, ಹೋದ ವರ್ಷ, ನನ್ನ ಕಾರಿನಲ್ಲಿ.

ಪಾಲಾದ ಮನೆಗಳಲ್ಲಿ ಒಂದು ಕ್ರಮ ಇದೆ. ನಮ್ಮ ಪುತ್ತೂರಿನಲ್ಲೂ ಇದೆ ಎನ್ನಿ, ಆದರೆ ಅವರಷ್ಟು ಕಟ್ಟುನಿಟ್ಟಲ್ಲ. ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲಕ್ಕೆ ಬೇಡ ಎನ್ನುತ್ತ ತಟ್ಟೆಯನ್ನು ಸ್ವಲ್ಪ ಈಚೆಗೆ ತರಬೇಕು. ಮೂರನೆಯದಕ್ಕೆ ಸುಮ್ಮನಿದ್ದರೆ ಬಡಿಸುತ್ತಾರೆ. ಮೊದಲ ಸಲಕ್ಕೇ ಹೂಂ ಎಂದವಳಿಗೆ ತಾಯಿ ಏನೂ ಕಲಿಸಿಲ್ಲ ಎಂದು ಅರ್ಥ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ನಡೆಯಲು ಕಲಿತಂತೆ ಇದನ್ನೂ ಕಲಿತಿರುತ್ತಾರೆ.

ಜರ್ಮನರು ಒಂದೇ ಸಲ ಕೇಳುತ್ತಾರೆ. ಆಸ್ಪತ್ರೆ ನಡೆಸುತ್ತಿದ್ದ ಸನ್ಯಾಸಿನಿ ಸಿಸ್ಟರುಗಳ ಊಟದ ಮೇಜಿನಲ್ಲಿ ಆಲೂಗಡ್ಡೆಯ ಪಾತ್ರೆ ಬರುತ್ತಿತ್ತು. ಬೇಕಾ ಎಂದು ಕೇಳುತ್ತಿದ್ದರು, ಚೇಚಿ ಬೇಡ ಎನ್ನುತ್ತಿದ್ದಳು, ಪಾತ್ರೆ ಮುಂದೆ ಹೋಗುತ್ತಿತ್ತು. ಬಂದ ಹೊಸದರಲ್ಲಿ ಎಷ್ಟೋ ದಿನ ಅವಳು ಅರೆಹೊಟ್ಟೆಯಲ್ಲಿ ಮಲಗಿದ್ದಾಳೆ. ಇಷ್ಟು ದೊಡ್ಡ ಮಠ, ಒಂದು ಆಲೂಗಡ್ಡೆಗೆ ಹೀಗೆ ಜೀವ ಬಿಡುತ್ತಾರಲ್ಲ ಎಂದು ಅತ್ತಿದ್ದಾಳೆ. ಏಲಿಯಾಮ್ಮ ಮೊದಲ ವಾರದಲ್ಲೇ ಮಾನ ಬಿಟ್ಟು ಹೂಂ ಎನ್ನಲು ಕಲಿತು ದುಂಡಗಾದಳು. ಚೇಚಿಗೆ ಆಲೂಗಡ್ಡೆಗೆ ಹೂಂ ಎನ್ನುವುದಕ್ಕೇ ಚಳಿಗಾಲ ಕಳೆಯಬೇಕಾಯಿತು.

ಆಸ್ಪತ್ರೆಯ ಅಡುಗೆಮನೆಗೆ ತರಕಾರಿಯ ವ್ಯಾನು ತರುತ್ತಿದ್ದವನು ಎಗೊನ್. ಉದ್ದನೆಯ ಆಳು, ಮಾತು ಕಡಿಮೆ, ಕಿವಿ ಬೇಗ ಕೆಂಪಾಗುತ್ತಿತ್ತು. ಒಂದು ದಿನ ಹಿತ್ತಲ ಬಾಗಿಲಲ್ಲಿ ಚೇಚಿಗೆ ಒಂದು ಪೇರ್ ಹಣ್ಣು ಹಿಡಿದ, ಅವನ ಅಪ್ಪನ ತೋಟದ್ದು. ಅವಳು ಬೇಡ ಎಂದಳು. ಅವನು ತಲೆಯಾಡಿಸಿ ಹಣ್ಣನ್ನು ಬುಟ್ಟಿಗೆ ವಾಪಸು ಹಾಕಿದ. ಎಂಥ ಜಿಪುಣ ಎಂದು ಅವಳು ಹಾಸ್ಟೆಲಿನಲ್ಲೆಲ್ಲ ಹೇಳಿಕೊಂಡು ಬಂದಳು. ಏಲಿಯಾಮ್ಮ ನೆತ್ತಿಗೆ ಮೊಟಕಿ ಬುದ್ಧಿ ಹೇಳಿದ ಮೇಲೆ, ಮುಂದಿನ ವಾರ ಅವನು ಹಿಡಿದ ಹಣ್ಣನ್ನು ಕಣ್ಣುಮುಚ್ಚಿ ತೆಗೆದುಕೊಂಡಳು. ಅಲ್ಲಿಂದ ವಾರವಾರ ಹಣ್ಣು ಬಂತು, ಹಣ್ಣಿನ ಜೊತೆ ನಾಲ್ಕು ಮಾತು ಬಂದವು. ಅವಳ ಅರೆಬರೆ ಜರ್ಮನ್‌ಗೆ ಎಲ್ಲರೂ ನಗುತ್ತಿದ್ದಾಗ ಅವನೊಬ್ಬ ನಗಲಿಲ್ಲ.

ಒಂದು ಭಾನುವಾರ ಅವನು ತನ್ನ ಹಳೆಯ ಕಾರಿನಲ್ಲಿ ಅವಳನ್ನು ಮೋಸೆಲ್ ನೋಡಲು ಕರೆದುಕೊಂಡು ಹೋದ. ಅದೊಂದಕ್ಕೆ ಅವಳನ್ನು ಒಪ್ಪಿಸಲು ಏಲಿಯಾಮ್ಮ ಜೊತೆಗೆ ಹೋಗಬೇಕಾಯಿತು. ದ್ರಾಕ್ಷಿ ತೋಟದ ಇಳಿಜಾರಿನಲ್ಲಿ ಏಲಿಯಾಮ್ಮ ಬೇಕೆಂದೇ ಹಿಂದುಳಿದಳು. ಕೆಳಗೆ ನದಿ ಬಾಗಿ ಹೋಗುವುದು ಕಾಣುವ ಕಡೆ ಎಗೊನ್ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನನ್ನನ್ನು ಮದುವೆಯಾಗುತ್ತೀರಾ ಎಂದು ನೇರವಾಗಿ ಕೇಳಿದ.

ಚೇಚಿ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಂಡು, ನೆಲ ನೋಡಿಕೊಂಡು, ಬೇಡ ಎಂದಳು.

ಅವನು, ಸರಿ, ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದ. ಟೋಪಿ ಹಾಕಿಕೊಂಡ. ಮೂವರಿಗೂ ಕಾಫಿ ಕೊಡಿಸಿ, ಜೋಪಾನವಾಗಿ ಹಾಸ್ಟೆಲಿನ ಬಾಗಿಲಿಗೆ ತಂದು ಬಿಟ್ಟು ಹೋದ. ಆ ರಾತ್ರಿ ಏಲಿಯಾಮ್ಮ ಮಂಚದ ಮೇಲೆ ಎದ್ದು ಕೂತು ಕೂಗಾಡಿದಳಂತೆ.

"ಅಲ್ವೇ, ನಿನಗೆ ಅವನು ಇಷ್ಟ ತಾನೇ? ಮತ್ತೆ ಬೇಡ ಅಂದ್ಯಲ್ಲ, ನಿನ್ನ ತಲೆಯಲ್ಲಿ ಇರೋದೇನು, ತೌಡಾ?"

"ಮತ್ತೇನು ಅನ್ನಬೇಕಿತ್ತು? ಕೇಳಿದ ಕೂಡಲೇ ಹೂಂ ಅಂದುಬಿಡೋಕೆ ನಾನೇನು ಬೀದಿಯಲ್ಲಿ ಬೆಳೆದವಳಾ? ಇನ್ನೊಂದು ಸಲ ಕೇಳ್ತಾನೆ ಬಿಡು."

ಮುಂದಿನ ಭಾನುವಾರ ಅದೇ ಸೀರೆ ಉಟ್ಟು ಕಿಟಕಿಯ ಬಳಿ ಕೂತಳು. ಅದರ ಮುಂದಿನ ಭಾನುವಾರವೂ ಕೂತಳು. ಎಗೊನ್ ಹಿತ್ತಲ ಬಾಗಿಲಲ್ಲಿ ಸಿಕ್ಕಾಗ ಎಂದಿನ ಹಾಗೆ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಿದ್ದ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಪೇರ್ ಹಣ್ಣು ಕೊಡುವುದನ್ನೂ ನಿಲ್ಲಿಸಿದ. ಒಲ್ಲೆ ಎಂದ ಹೆಣ್ಣಿಗೆ ಹಣ್ಣು ಹಿಡಿದು ಮುಜುಗರ ಮಾಡಬಾರದು ಎನ್ನುವುದು ಅವನ ಲೆಕ್ಕ. ಹಣ್ಣೂ ನಿಂತಿತೆಂದರೆ ಅವನ ಮನಸ್ಸಲ್ಲಿ ಏನೂ ಇರಲಿಲ್ಲ ಎನ್ನುವುದು ಇವಳ ಲೆಕ್ಕ. ನಾನು ಹೋಗಿ ಅವನಿಗೆ ಬಿಡಿಸಿ ಹೇಳಿಬರುತ್ತೇನೆ ಎಂದು ಏಲಿಯಾಮ್ಮ ಚಪ್ಪಲಿ ಮೆಟ್ಟಿದ್ದಳು. ಹೋದರೆ ನನ್ನ ಹೆಣ ನೋಡುತ್ತೀಯ ಎಂದು ಚೇಚಿ ಬಾಗಿಲಿಗೆ ಅಡ್ಡ ನಿಂತಳು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕೆಟ್ಟವರು ಯಾರಾದರೂ ಮಧ್ಯೆ ಬಂದಿದ್ದರೆ ಅವರನ್ನಾದರೂ ಬೈಯಬಹುದಿತ್ತು. ಇಲ್ಲಿ ಇಬ್ಬರೂ ಒಳ್ಳೆಯ ಮನೆಯಲ್ಲಿ ಬೆಳೆದವರು.

ಎರಡು ವರ್ಷ ಕಾದು ಎಗೊನ್ ಮೋಸೆಲ್ ದಂಡೆಯ ಒಂದು ಊರಿನ ಬೇಕರಿಯವರ ಮಗಳನ್ನು ಮದುವೆಯಾದ, ವ್ಯಾನು ಬಿಟ್ಟು ಅಲ್ಲೇ ರೊಟ್ಟಿ ಸುಡಲು ನಿಂತ. ಮದುವೆಗೆ ಆಸ್ಪತ್ರೆಯವರನ್ನೆಲ್ಲ ಕರೆದಿದ್ದ. ಚೇಚಿ ಹಿತ್ತಾಳೆಯ ದೀಪವೊಂದನ್ನು ಏಲಿಯಾಮ್ಮನ ಕೈಯಲ್ಲಿ ಕಳಿಸಿ ತಾನು ರಾತ್ರಿಪಾಳಿ ಹಾಕಿಸಿಕೊಂಡಳು. ಊರಿನಿಂದ ಗಂಡುಗಳು ಬಂದವು. ಅವಕ್ಕೆ ಒಂದು ಸಲ, ಎರಡು ಸಲ, ಮೂರು ಸಲವೂ ಬೇಡ ಎಂದಳು. ಅದು ನಿಜವಾದ ಬೇಡ ಎಂದು ಪಾಲಾದಲ್ಲಿ ಎಲ್ಲರಿಗೂ ಅರ್ಥವಾಯಿತು. ಅಷ್ಟರಲ್ಲಿ ತಮ್ಮಂದಿರ ಮನೆಗಳು ಏಳುತ್ತಿದ್ದವು, ಅಕ್ಕ ಅಲ್ಲಿದ್ದರೇ ಚೆಂದ ಎಂದು ಅವರಿಗೂ ಅನಿಸಿರಬೇಕು. ಅವಳು ಬಸ್ಸು ಹತ್ತಲು ಶುರುಮಾಡಿದ್ದು ಆಮೇಲೆಯೇ.

ಹೋದ ವರ್ಷ ದ್ರಾಕ್ಷಿ ಕೊಯ್ಲಿಗೆ ಮೊದಲು ಏಲಿಯಾಮ್ಮ ಸುದ್ದಿ ತಂದಳು. ಎಗೊನ್‌ನ ಹೆಂಡತಿ ತೀರಿ ಬಹಳ ಕಾಲವಾಗಿತ್ತು. ಈಗ ಅವನಿಗೂ ಕೈಲಾಗುವುದಿಲ್ಲವೆಂದು ಮಗಳು ಉತ್ತರದಲ್ಲಿ ಸಮುದ್ರದ ಹತ್ತಿರ ತನ್ನ ಊರಿಗೆ ಕರೆದೊಯ್ಯುತ್ತಿದ್ದಾಳೆ. ಬೇಕರಿ ಮಾರಾಯಿತು, ಸಾಮಾನು ಕಟ್ಟುತ್ತಿದ್ದಾರೆ. ಚೇಚಿ ಕೇಳಿಸಿಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ನನ್ನ ಮನೆಗೆ ಬಂದು, ಚಹಾ ಕುಡಿಯುತ್ತೀರಾ ಎಂದು ನಾನು ಕೇಳುವ ಮೊದಲೇ ಮಾತು ತೆಗೆದಳು.

"ನಿನ್ನ ಕಾರಲ್ಲಿ ನನ್ನನ್ನ ಮೋಸೆಲ್‌ಗೆ ಕರ್ಕೊಂಡು ಹೋಗು ಹೆಣ್ಣೇ. ಅವನು ಹೋಗೋದಕ್ಕೆ ಮುಂಚೆ ಒಂದು ಮಾತು ಹೇಳಬೇಕು. ನಾನು ಅವತ್ತು ಬೇಡ ಅಂದಿದ್ದು ಬೇಡ ಅಂತ ಅಲ್ಲ. ಅಷ್ಟು ಗೊತ್ತಾಗಲಿ ಅವನಿಗೆ."

"ಈಗ ಗೊತ್ತಾಗಿ ಎಂತ ಮಾಡ್ಲಿಕ್ಕುಂಟು ಚೇಚಿ?"

"ಏನೂ ಇಲ್ಲ. ಆದರೂ ನಾನು ಒಲ್ಲೆ ಅಂದವಳು ಅಂತ ಅಂದ್ಕೊಂಡೇ ಅವನು ಸಾಯಬಾರದು."

ದಾರಿಯುದ್ದಕ್ಕೂ ಅವಳ ಮಡಿಲಲ್ಲಿ ಅವನಿಗೆಂದು ಎಣ್ಣೆಯಲ್ಲಿ ಕರಿದ ಅಚ್ಚಪ್ಪದ ಡಬ್ಬಿ. ಆ ಭಾನುವಾರದ ಕತೆಯನ್ನು ಅವಳು ಹೇಳಿದ್ದು ಆಗಲೇ. ನದಿ ಕಂಡಾಗ ಮಾತು ನಿಲ್ಲಿಸಿ, ನಾನು ನೆನಸಿಕೊಂಡಷ್ಟು ಅಗಲ ಇಲ್ಲ ಇದು ಎಂದಳು.

ನಾವು ಬರುವುದನ್ನು ಏಲಿಯಾಮ್ಮ ಮೊದಲೇ ಫೋನು ಮಾಡಿ ತಿಳಿಸಿದ್ದಳು, ಎಗೊನ್ ಬಾಗಿಲಲ್ಲೇ ಕಾಯುತ್ತಿದ್ದ. ಬೆನ್ನು ಬಾಗಿತ್ತು, ಕೋಲು ಬಂದಿತ್ತು, ಕಿವಿ ಮಾತ್ರ ಅವಳು ಹೇಳಿದ ಹಾಗೇ ಕೆಂಪಾಯಿತು. ಮನೆಯ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಅಡುಗೆಮನೆಯ ಮೇಜಿನ ಮೇಲೆ ಒಂದು ಪ್ಲಮ್ ಹಣ್ಣಿನ ಕೇಕು, ಅವನೇ ಬೆಳಿಗ್ಗೆ ಎದ್ದು ಸುಟ್ಟದ್ದು. ಮಗಳು ಪೆಟ್ಟಿಗೆ ಹೊರಲು ಮಹಡಿ ಹತ್ತಿದಳು, ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮಂಡಿನೋವು, ಹವೆ, ಆಸ್ಪತ್ರೆಯಲ್ಲಿ ಯಾರು ಇದ್ದಾರೆ ಯಾರು ಇಲ್ಲ, ಎಲ್ಲ ಆಯಿತು. ಕಾಫಿ ತಣ್ಣಗಾಯಿತು. ಇವಳು ಹೇಳದೇ ವಾಪಸು ಬರುತ್ತಾಳೆ ಎಂದು ನನಗೆ ಹೆದರಿಕೆ ಶುರುವಾಯಿತು.

ಅವಳು ತಟ್ಟೆಯ ಅಂಚು ನೋಡುತ್ತ ಹೇಳಿದಳು. "ಆ ಭಾನುವಾರ ನಾನು ಬೇಡ ಅಂದೆನಲ್ಲ. ಅದು ಬೇಡ ಅಂತ ಅಲ್ಲ."

ಅವನಿಗೆ ಯಾವ ಭಾನುವಾರ ಎಂದು ಕೇಳಬೇಕಾಗಲಿಲ್ಲ. ಚಮಚ ಕೆಳಗಿಟ್ಟ. "ಮತ್ತೇನು ಅಂತ?"

"ನಮ್ಮ ಕಡೆ ಮೊದಲ ಸಲ ಹಾಗೇ ಅನ್ನೋದು. ನೀವು ಇನ್ನೊಂದು ಸಲ ಕೇಳ್ತೀರಿ ಅಂತ ನಾನು ಕಾದೆ."

ಮಹಡಿಯಲ್ಲಿ ಮಗಳು ಪೆಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು.

"ಹೆಂಗಸು ಬೇಡ ಅಂದ ಮೇಲೆ ಮತ್ತೆ ಕೇಳಿ ಪೀಡಿಸಬೇಡ ಅಂತ ನನ್ನಮ್ಮ ಹೇಳಿಕೊಟ್ಟಿದ್ದಳು" ಎಂದ. "ಪ್ರತಿ ಸೋಮವಾರ ವ್ಯಾನಿನಲ್ಲಿ ಬರುವಾಗ ಕೇಳೋಣ ಅನ್ನಿಸೋದು. ನಿಮ್ಮ ಮನಸ್ಸು ನೋಯಿಸಬಾರದು ಅಂತ ನಾಲಿಗೆ ಕಚ್ಚಿಕೊಂಡು ಹೋಗ್ತಿದ್ದೆ." ಆಮೇಲೆ, "ನನ್ನ ಹೆಂಡತಿ ಒಳ್ಳೆಯವಳು. ನಾನು ಕೆಟ್ಟ ಬಾಳು ಬಾಳಲಿಲ್ಲ" ಎಂದ. ಯಾರೋ ಆಕ್ಷೇಪಿಸಿದ ಹಾಗೆ.

"ನಾನೂ ಕೆಟ್ಟ ಬಾಳು ಬಾಳಲಿಲ್ಲ" ಎಂದಳು ಚೇಚಿ. "ತುಂಬ ಊರು ನೋಡಿದೆ."

"ಎಷ್ಟು ಸಲ ಕೇಳಬೇಕಿತ್ತು ನಾನು?"

"ಕ್ರಮದ ಪ್ರಕಾರ ಮೂರು." ಅವಳು ಸೆರಗಿನ ತುದಿ ಹಿಡಿದುಕೊಂಡಿದ್ದಳು. "ನಿಮಗಾದರೆ ಎರಡೇ ಸಾಕಿತ್ತು."

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಎದ್ದರೆ ಕುರ್ಚಿ ಸದ್ದಾಗುತ್ತದೆಂದು ಕೂತೇ ಇದ್ದೆ. ಆ ಮನುಷ್ಯ ಕಣ್ಣೊರೆಸಿಕೊಂಡು, ಕೈಗೆ ಏನಾದರೂ ಕೆಲಸ ಬೇಕಾದವನ ಹಾಗೆ ಚಾಕು ತೆಗೆದುಕೊಂಡು, ಇನ್ನೊಂದು ತುಂಡು ಕೇಕು ಹಾಕಲೇ ಎಂದು ಕೇಳಿದ.

"ಬೇಡ, ಸಾಕು" ಎಂದಳು ಚೇಚಿ. ಐವತ್ತು ವರ್ಷ ಈ ದೇಶದಲ್ಲಿದ್ದರೂ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ.

ಅವನು ಸರಿ ಎಂದು ಚಾಕು ಕೆಳಗಿಡಲು ಹೋದ. ಇಡಲಿಲ್ಲ. ಚಾಕು ಹಿಡಿದ ಕೈ ಮೇಜಿನ ಮೇಲೆ ಹಾಗೇ ನಿಂತಿತು. ಅವಳ ಮುಖ ನೋಡಿ, ಮೆಲ್ಲಗೆ, ತಪ್ಪಾದರೆ ಬೈಸಿಕೊಳ್ಳಲು ತಯಾರಾದವನ ಹಾಗೆ, ಎರಡನೇ ಸಲ ಕೇಳಿದ.

"ಇನ್ನೊಂದು ತುಂಡು ಹಾಕಲಾ, ಪೆಣ್ಣಮ್ಮ?"

ಅವಳು ತಟ್ಟೆಯನ್ನು ಮುಂದೆ ಹಿಡಿದಳು. ಅವನು ದೊಡ್ಡದೇ ಒಂದು ತುಂಡು ಹಾಕಿದ. ಅವಳು ತಲೆ ತಗ್ಗಿಸಿ ಒಂದು ಚೂರೂ ಬಿಡದೆ ತಿಂದಳು, ಅವನು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂತ.

ವಾಪಸು ಬರುವಾಗ ದ್ರಾಕ್ಷಿ ತೋಟಗಳು ಮುಗಿದು ಹೆದ್ದಾರಿ ಸಿಕ್ಕಿತು. ಆಮೇಲೆ ಕೇಕಿಗೆ ಸಕ್ಕರೆ ಹೆಚ್ಚಾಗಿತ್ತು, ತನ್ನ ಸಕ್ಕರೆ ಕಾಯಿಲೆಗೆ ಒಂದು ತುಂಡೇ ಜಾಸ್ತಿ ಎಂದಳು.

"ಮತ್ತೆ ಆ ಎರಡನೇ ತುಂಡು ಎಂತಕ್ಕೆ ತಿಂದದ್ದು ಮಾರಾಯ್ತಿ?" ಎಂದು ಕೇಳಿದೆ.

"ಕೇಳಿದನಲ್ಲ ಹೆಣ್ಣೇ" ಎಂದು ಹೇಳಿ ಚೇಚಿ ಕಿಟಕಿಯ ಕಡೆ ತಿರುಗಿದಳು.