ಅಂಜನ್‌ಕುಮಾರ್ ಸಹಿ ಹಾಕಿದ ದೂರು

ಹನ್ನೊಂದು ವರ್ಷದಿಂದ ಮಂಗಳಗೌರಿ ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಹಿರೇಹಳ್ಳಿಗೆ ಇನ್ನೊಂದು ಬಸ್ಸು ಹಿಡಿದು ಬಂದು, ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಸೊಟ್ಟ ಮುಚ್ಚಳಗಳನ್ನು ಆರಿಸಿ ತೆಗೆಯುತ್ತಿದ್ದಾಳೆ. ಏಳು ತಿಂಗಳ ಹಿಂದೆ ಅಂಜನ್‌ಕುಮಾರ್ ಸೂಪರ್‌ವೈಸರ್ ಆಗಿ ಬಂದ. ಮೊದಲು ‘ಊಟ ಆಯ್ತಾ’ ಎಂದು ಮೆಸೇಜ್ ಮಾಡಿದ. ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಮಾಡಿದ. ಸಂಜೆ ತುಮಕೂರು ಬಸ್ ನಿಲ್ದಾಣದವರೆಗೂ ಬೈಕಿನಲ್ಲಿ ಹಿಂದೆ ಬಂದು, ಬಸ್ಸಿಗೆ ಕಾಯುತ್ತಿದ್ದವಳ ಫೋಟೊ ತೆಗೆದು ಅವಳಿಗೇ ಕಳಿಸಿದ. ಬೈದಿದ್ದಕ್ಕೆ ಅವಳ ಟೀ ವಿರಾಮವನ್ನು ಉಳಿದವರಿಗಿಂತ ಅರ್ಧ ಗಂಟೆ ತಡ ಮಾಡಿದ. ಕ್ಯಾಂಟೀನಿನಲ್ಲಿ ಅವಳೊಬ್ಬಳು, ಎದುರಿಗೆ ಅವನು.

“ಬುಡು ಆ ಕೆಲ್ಸಾನ. ಇಲ್ಲೇ ಏನಾದ್ರೂ ನೋಡ್ಕೋ,” ಎಂದ ಗಂಡ ಮುತ್ತುರಾಜ್.

ಅವಳು ದೂರು ಬರೆದಳು. ವರ್ಷಗಟ್ಟಲೆ ರಜೆ ಅರ್ಜಿ ಬರೆದು ಪಳಗಿದ ಕೈ, ‘ವ್ಯವಸ್ಥಾಪಕರಿಗೆ’ ಎಂಬುದರ ಕೆಳಗೆ ‘ಮೂಲಕ: ಸೂಪರ್‌ವೈಸರ್’ ಎಂದೂ ಬರೆದುಬಿಟ್ಟಿತು.

“ಮೂಲಕ ಅಂತ ಇದೆ, ಅವರ ಸೈನೇ ಇಲ್ವಲ್ಲಮ್ಮ,” ಎಂದು ಆಫೀಸಿನ ಗುಮಾಸ್ತ ಶಿವಮೂರ್ತಿ ವಾಪಸ್ ಕೊಟ್ಟ.

ಆ ಸಾಲು ಬಿಟ್ಟು ಮತ್ತೊಂದು ಬರೆದಳು. ಅದನ್ನೂ ವಾಪಸ್ ಕೊಟ್ಟ. “ಮೂಲಕ ಇಲ್ದೆ ನಾನು ತಗೊಳಂಗಿಲ್ಲ.”

“ದೂರಿರೋದೇ ಅವರ ಮೇಲೆ ಕಣಣ್ಣ.”

“ಅದು ಒಳಗಡೆ ವಿಷ್ಯ. ನಾನು ನೋಡೋದು ಮೇಲ್ಗಡೆ ಮಾತ್ರ.”

ರೇಗಿಹೋಗಿ, ಮೊದಲಿನ ಪತ್ರವನ್ನೇ ಹಿಡಿದು ಸೀದಾ ಅಂಜನ್‌ಕುಮಾರ್ ಮೇಜಿಗೆ ಹೋದಳು. ಅವನು ಓದಿ ನಕ್ಕ.

“ನನ್ ಮೇಲೆ ಬರ್ದು ನನ್ ಹತ್ರಾನೇ ತಂದಿದೀಯಾ? ಬಲೇ ಜಾಣೆ ಕಣೇ.”

“ಕಣೇ ಗಿಣೇ ಅನ್ಬೇಡಿ. ಸೈನ್ ಹಾಕಿ.”

ಬೇರೆ ಅರ್ಜಿಗಳ ಮೇಲೆ ಷರಾ ಬರೆಯುವ ಹಾಗೆಯೇ ಅಂಚಿನಲ್ಲಿ ‘ವಿಚಾರಿಸಲಾಗಿದೆ. ಸತ್ಯಾಂಶವಿಲ್ಲ’ ಎಂದು ಬರೆದ; ಸಹಿ, ತಾರೀಖು ಹಾಕಿ, ಇನ್ನು ಮುಗಿಯಿತು ಎಂಬಂತೆ ಕಾಗದವನ್ನು ಅವಳತ್ತ ತಳ್ಳಿದ. ಶಿವಮೂರ್ತಿಗೆ ಸಹಿಯೊಂದಿದ್ದರೆ ಸಾಕಿತ್ತು. ಸೀಲು ಒತ್ತಿ ತೆಗೆದುಕೊಂಡ.

ಮೂರು ವಾರದ ಮೇಲೆ ದೂರು ಸಮಿತಿ ಕೂತಿತು. ಹೊರಗಿನ ಸದಸ್ಯೆಯಾಗಿ ಕುಣಿಗಲ್ಲಿನಿಂದ ವಕೀಲೆ ಮಹಾಲಕ್ಷ್ಮಮ್ಮ ಬಂದಿದ್ದರು.

“ಅವ್ರಿಗೆ ಇಷ್ಟ ಇಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮೇಡಂ. ಗೊತ್ತಿದ್ರೆ ಆ ಕಡೆ ತಲೆನೂ ಹಾಕ್ತಿರ್ಲಿಲ್ಲ,” ಎಂದ ಅಂಜನ್‌ಕುಮಾರ್.

ಮಹಾಲಕ್ಷ್ಮಮ್ಮ ದೂರನ್ನು ಅವನ ಮುಂದಿಟ್ಟರು. “ಒಂಬತ್ತನೇ ತಾರೀಖು ಇದನ್ನ ಓದಿ ಸೈನ್ ಹಾಕಿದೀರಿ. ಬಸ್ ಸ್ಟ್ಯಾಂಡಿಂದ ಕೊನೇ ಫೋಟೊ ಕಳ್ಸಿರೋದು ಹನ್ನೆರಡನೇ ತಾರೀಖು. ಮತ್ತೆ, ಯಾರನ್ನ ವಿಚಾರಿಸಿದ್ರಿ?”

“ಅದು... ಹಂಗೆ ಬರ್ಯೋದು ರೂಢಿ ಮೇಡಂ.”

ಎರಡು ತಿಂಗಳಾದ ಮೇಲೆ ಅವನನ್ನು ಕೆಲಸದಿಂದ ತೆಗೆದರು. ವಿಚಾರಣೆಗೆ ಹೋದ ದಿನಗಳನ್ನು ಶಿವಮೂರ್ತಿ ಅವಳ ರಜೆಯಲ್ಲಿ ಹಿಡಿದಿದ್ದ. ಅದನ್ನು ಸರಿಮಾಡಿಸಲೂ ಮೂರು ಸಲ ಆಫೀಸಿನ ಮೆಟ್ಟಿಲು ಹತ್ತಬೇಕಾಯಿತು.

“ಸಾಕಾಯ್ತಲ್ಲ, ಇನ್ನಾದ್ರೂ ನೆಮ್ಮದಿಯಾಗಿ ಮನೇಲಿರು,” ಎಂದ ಮುತ್ತುರಾಜ್.

“ನಾನ್ಯಾಕಿರ್ಲಿ? ಹೋಗ್ಬೇಕಾದೋನು ಹೋದ. ನಾಳೆ ನಂಗೆ ಫಸ್ಟ್ ಶಿಫ್ಟು. ದೋಸೆ ನೀವೇ ಹುಯ್ಕೊಳಿ.”