ಕಣದಲ್ಲಿ ಹೊಡೆಯದ ಸಲಾಕೆ

ನನ್ನ ಗಂಡ ಸುಟ್ಟುಹೋದ ಪಂಪು ಮೋಟಾರುಗಳಿಗೆ ಹೊಸ ಕಾಯಿಲ್ ಸುತ್ತುತ್ತಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ತಮಿಳು ಸೀಮೆಯ ಸೂಲೂರಿನ ವರ್ಕ್‌ಶಾಪಿನ ಕೆಲಸ ಬಿಟ್ಟು, ಹಳೆಯ ಟ್ರಾಕ್ಟರ್ ಟ್ರೇಲರಿನ ಮೇಲೆ ತಗಡಿನ ಕೋಣೆಯೊಂದನ್ನು ಕಟ್ಟಿದರು. ಒಳಗೆ ಹಲಗೆಯ ನೆಲ, ಒಂದು ಬಲ್ಬು, ಫ್ಯಾನು, ವಾರ್ನಿಷ್ ಒಣಗಿಸುವ ಹೀಟರ್ ಪೆಟ್ಟಿಗೆ. ಮೂಲೆಯಲ್ಲಿ ನನ್ನ ಒಲೆ. ಬೇಸಿಗೆಯಲ್ಲಿ ಉಡುಮಲೈಪೇಟೆ ಕಡೆಯ ತೋಟಗಳಿಗೆ ಅದನ್ನು ಎಳೆಸಿಕೊಂಡು ಹೋಗಿ, ಕೆಲಸ ಮುಗಿಯುವವರೆಗೆ ಅದರಲ್ಲೇ ಇರುತ್ತಿದ್ದೆವು. ತೋಟದ ಪಂಪ್ ಶೆಡ್ಡಿನಿಂದಲೇ ಕರೆಂಟು.

ಎಲ್ಲಿ ನಿಂತರೂ ಅವರ ಕ್ರಮ ಒಂದೇ. ಮೊದಲು ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಹೊಡೆದು ಟ್ರೇಲರಿನ ಮೈಗೆ ತಂತಿ ಕಟ್ಟುವುದು. ನಾನು ಅದರ ಬುಡಕ್ಕೆ ಉಪ್ಪುನೀರು ಸುರಿಯುವುದು. ಪ್ಲಗ್ ಹಾಕುವುದು ಆಮೇಲೆ. "ರಬ್ಬರ್ ಚಕ್ರದ ಮ್ಯಾಲೆ ನಿಂತಿರೋ ತಗಡು ಇದು. ಎಲ್ಲೋ ಒಂದು ವೈರು ತಾಕಿದ್ರೆ ಮೈಯೆಲ್ಲ ಕರೆಂಟು. ಸಲಾಕೆ ಇದ್ರೆ ಅದು ನೆಲಕ್ಕೆ ಇಳಿದು ಫ್ಯೂಸ್ ಹೋಗ್ತದೆ, ನಾವು ಹೋಗಲ್ಲ" ಎನ್ನುತ್ತಿದ್ದರು.

ಒಂದು ವರ್ಷ ಅವರ ಸೋದರತ್ತೆಯ ತೋಟಕ್ಕೆ ಹೋದೆವು. ಶೆಡ್ಡಿನ ಹತ್ತಿರ ಟ್ರೇಲರ್ ನಿಲ್ಲಿಸುವಷ್ಟು ಸಮನಾದ ಜಾಗ ಕಣ ಮಾತ್ರ. ಅದರ ಒಂದು ಬದಿಯಲ್ಲಿ ಜೋಳದ ರಾಶಿ ಇತ್ತು. ಆ ಕಡೆಯ ಮನೆಗಳಲ್ಲಿ ರಾಶಿ ಇರುವ ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿ ಬರುವುದಿಲ್ಲ. ನಾವೂ ಬಿಟ್ಟೇ ಬಂದೆವು. ಇವರು ಸಲಾಕೆ, ಸುತ್ತಿಗೆ ಎತ್ತಿದ್ದೇ ಅತ್ತೆ ಓಡಿ ಬಂದರು.

"ಏ ಅಪ್ಪುನು! ಲಕ್ಷ್ಮಿ ಕುಂತವಳೆ, ಅವಳ ಎದೆಗೆ ಕಬ್ಬಿಣ ಹೊಡೀತೀಯಾ?"

"ಅತ್ತೆ, ಕರೆಂಟು ಲಕ್ಷ್ಮೀನ ಕೇಳ್ಕೊಂಡು ಬರಲ್ಲ."

"ಎದುರು ವಾಯಾಡಬ್ಯಾಡ. ನಾಳೆ ರಾಶಿ ಮನೆಗೆ ಹೋಗ್ತದೆ, ಆಮೇಲೆ ನೂರು ಹೊಡಿ. ಅಮ್ಮಿಣಿ, ನಿನ್ನ ಗಂಡಂಗೆ ಕೊಂಚ ಸೊಲ್ಲು!"

ನಾನು ಕೊಳ್ಳೇಗಾಲದ ಕಡೆಯವಳು. ಏಳನೆಯ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದೆ. ನನ್ನ ಮಾತು ಕೇಳಿ ಅತ್ತೆ "ಪುಸ್ತಕ ಬಾಯಿ ಬಿಡ್ತು" ಎಂದು ನಗುತ್ತಿದ್ದರು. ಮದುವೆಯಾಗಿ ಮೂರು ವರ್ಷ ನನ್ನನ್ನು ಮೈಸೂರಕಾರಿ ಎಂದೇ ಕರೆದವರು, ಮನೆಮಗಳನ್ನು ಕರೆಯುವಂತೆ ಅಮ್ಮಿಣಿ ಎಂದದ್ದು ಅಂದೇ ಮೊದಲು.

ಅತ್ತೆ ಮಜ್ಜಿಗೆ ತರಲು ಒಳಗೆ ಹೋದಾಗ ಇವರು ಬಗ್ಗಿ ಪಿಸುಗುಟ್ಟಿದರು: "ಚಕ್ರದ ಹಿಂದೆ ಹೊಡೆದುಬಿಡ್ತೀನಿ, ಕಾಣಲ್ಲ. ನೀರು ತಾ."

ನಾನು ತರಲಿಲ್ಲ. "ಬೇಡ. ಕಂಡ್ರೆ ನನ್ನನ್ನೇ ಅಂತಾರೆ. ಒಂದು ದಿನ ತಾನೆ?" ಎಂದೆ.

ಅವರು "ಆಯ್ತು ತಾಯಿ, ನೀನೂ ಅತ್ತೆ ಪಾರ್ಟಿ ಸೇರಿಬಿಟ್ಟೆ" ಎಂದು ನಕ್ಕು, ಸಲಾಕೆ ಒಳಗಿಟ್ಟು ಪ್ಲಗ್ ಹಾಕಿದರು.

ತಗಡಿನ ತೂತಿನಲ್ಲಿ ವೈರು ಉಜ್ಜಿ ಉಜ್ಜಿ ಅದರ ಸಿಪ್ಪೆ ಸವೆದಿತ್ತು. ಅದು ಆಮೇಲೆ ತಿಳಿದದ್ದು. ಮಧ್ಯಾಹ್ನದವರೆಗೆ ಅವರು ಒಳಗೆ ಹಲಗೆಯ ಮೇಲೆ ಕೂತು ಕಾಯಿಲ್ ಸುತ್ತಿದರು, ಏನೂ ಆಗಲಿಲ್ಲ. ಅತ್ತೆ ಕಣಕ್ಕೆ ಸಗಣಿನೀರು ಚಿಮುಕಿಸಿದ್ದರು. ನಾನು ಊಟಕ್ಕೆ ಕರೆದೆ. ಅವರು ಕಬ್ಬಿಣದ ಬಾಗಿಲನ್ನು ಹಿಡಿದುಕೊಂಡೇ ಬರಿಗಾಲನ್ನು ಕೆಳಗಿಟ್ಟರು. ಕೈ ಬಿಡಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು "ಬನ್ನಿ, ಆರಿಹೋಗುತ್ತೆ" ಎಂದೆ. ಪಕ್ಕದ ತೋಟದವರು ಓಡಿ ಬಂದು ಒಣಕೋಲಿನಿಂದ ಪ್ಲಗ್ ಹೊಡೆದು ಬೀಳಿಸುವಷ್ಟರಲ್ಲಿ ಮುಗಿದುಹೋಗಿತ್ತು.

"ನಾನೇ ಕೊಂದೆ, ಬ್ಯಾಡ ಅಂದವಳು ನಾನೇ" ಎಂದು ಅತ್ತೆ ನೆಲಕ್ಕೆ ತಲೆ ಬಡಿದುಕೊಂಡರು. ಊರವರೂ ಅದನ್ನೇ ಅಂದರು. ಚಕ್ರದ ಹಿಂದೆ ಸಲಾಕೆ ಹೊಡೆಯಲು ನನ್ನ ಗಂಡ ನೀರು ಕೇಳಿದ್ದು, ನಾನು ಬೇಡ ಎಂದದ್ದು ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಮೊದಮೊದಲು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಹೇಳಲು ಹೊತ್ತು ಮೀರಿತು ಎನಿಸಿತು.

ಪ್ರತಿ ವರ್ಷ ತಿಥಿಗೆ ಅತ್ತೆ ಬರುತ್ತಿದ್ದರು. ಕೊನೆಯ ಸಲ ಬಂದಾಗ ನನ್ನ ಕೈ ಹಿಡಿದು, "ನನ್ನ ಮ್ಯಾಲೆ ಕೋಪ ಐತಾ? ನೆಜ ಸೊಲ್ಲು" ಎಂದು ಕೇಳಿದರು.

"ಇಲ್ಲ ಅತ್ತೆ" ಎಂದೆ.

ಅವರು ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಆಗಲಾದರೂ ಹೇಳಬಹುದಿತ್ತು. ಅವರ ಕೈಯಿಂದ ನನ್ನ ಕೈ ಬಿಡಿಸಿಕೊಂಡು, ಊಟಕ್ಕೆ ಎಲೆ ಹಾಕಲು ಎದ್ದೆ.